ಬಗ್ಗಿವೈದ್ಯ: ಇನ್ನೊಂದು ಕಲ್ಯಾಣದ ಶಾಸ್ತ್ರ

ಕನ್ನಡದಲ್ಲಿ ಹಸುವಿಗೆ ವೈದ್ಯಶಾಸ್ತ್ರವಿದೆ, ಕುದುರೆಗಿದೆ, ವಿಷಕ್ಕೂ ಇದೆ. ಕಲ್ಯಾಣದ ಚಾಲುಕ್ಯರ ಮನೆಯ ಕೀರ್ತಿವರ್ಮ, ಆರನೆಯ ವಿಕ್ರಮಾದಿತ್ಯನ ತಮ್ಮ, ‘ಗೋವೈದ್ಯ’ ಬರೆದ. ಅಭಿನವಚಂದ್ರ ಕುದುರೆಗಳನ್ನು ನೋಡಿಕೊಂಡ. ಹದಿನಾಲ್ಕನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನೆಲ್ಲ ಜಾತಿವಾರು ಜೋಡಿಸಿಟ್ಟ. ಸಂಸ್ಕೃತದ ಕಡೆಗೆ ತಿರುಗಿದರೆ ಅದೇ ಚಾಲುಕ್ಯ ಮನೆತನದ ಮೂರನೆಯ ಸೋಮೇಶ್ವರ, 1129ರ ಸುಮಾರಿಗೆ, ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥ ಮಾಡಿಸಿದ. ಐದು ವಿಂಶತಿ, ವಿಂಶತಿಗೆ ಇಪ್ಪತ್ತರಂತೆ ನೂರು ಅಧ್ಯಾಯ. ಆನೆಯಾಟ, ಕುದುರೆಯಾಟ, ಕೋಳಿಜಗಳ, ಟಗರುಕಾಳಗ, ಅರಮನೆಯವರು ಹೊತ್ತು ಕಳೆಯುವ ಯಾವ ಬಗೆಯನ್ನೂ ಅವನು ಬಿಡಲಿಲ್ಲ. ಬಿಟ್ಟದ್ದು ಒಂದೇ: ಕೈಯಲ್ಲಿ ರೇಡಿಯೊ ಹಿಡಿದು ಮಣ್ಣಿನ ಮೇಲೆ ಓಡಿಸುವ ಬಗ್ಗಿ ಎಂಬ ಪುಟ್ಟ ಕಾರು. ರಾಜನನ್ನು ದೂರಿ ಪ್ರಯೋಜನವಿಲ್ಲ. ತಂತಿಯಿಲ್ಲದೆ ಒಂದು ಪುಟ್ಟ ದೋಣಿಯನ್ನು ಆಡಿಸಬಹುದೆಂದು ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತೋರಿಸಿದ್ದೇ 1898ರಲ್ಲಿ.

ಈ ಕೊರತೆಯನ್ನು ತುಂಬುವ ಭಾರ ಇನ್ನೊಂದು ಕಲ್ಯಾಣದ ಮೇಲೆ ಬಿದ್ದಿದೆ. ಸೋಮೇಶ್ವರನ ಕಲ್ಯಾಣ ಬೀದರ್ ಜಿಲ್ಲೆಯದು. ಇದು ಠಾಣೆ ಜಿಲ್ಲೆಯದು, 1854ರಲ್ಲೇ ರೈಲು ಮುಟ್ಟಿದ ಊರು. ಇಲ್ಲಿಂದ ಕರ್ಜತ್ ಕಡೆಯ ಲೋಕಲ್ ಹಿಡಿದರೆ ಸಿಗುವ ಮೊದಲ ನಿಲ್ದಾಣ ವಿಠ್ಠಲವಾಡಿ. ಪ್ರಸ್ತುತ ಗ್ರಂಥಕಾರನ ವಾಸ, ಶಿಷ್ಯವರ್ಗ, ಪ್ರಯೋಗಶಾಲೆ (ಎರಡನೇ ಮಾಳಿಗೆಯ ಬಾಲ್ಕನಿ) ಎಲ್ಲವೂ ಇಲ್ಲೇ.

ಶಾಸ್ತ್ರಕ್ಕೆ ಒಂದು ಪ್ರತಿಜ್ಞೆ ಬೇಕು. ನಮ್ಮದು ಇದು: ಬಗ್ಗಿಯ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ನೆಲದಿಂದ ಏರಿ ಬಂದವು. ಕ್ಯಾಲಿಫೋರ್ನಿಯಾದವರೂ ಜಪಾನಿನವರೂ ಬರೆದ ಸೆಟಪ್ ಶೀಟುಗಳನ್ನು ಇಳಿಸಿಕೊಂಡು, ಇಷ್ಟು ಡಿಗ್ರಿ, ಇಷ್ಟು ಮಿಲಿಮೀಟರ್ ಎಂದು ಪಾಠ ಒಪ್ಪಿಸುವವರು ನಮ್ಮಲ್ಲಿ ಬಹಳ. ಆ ಶೀಟು ಬರೆದವನು ನಮ್ಮ ಮೈದಾನದ ಮುರುಮನ್ನು ಮೆಟ್ಟಿಲ್ಲ. ಗಣಪತಿ ಪೆಂಡಾಲಿನವರು ಬೊಂಬು ಕಿತ್ತುಕೊಂಡು ಹೋದ ಮೇಲೆ ಉಳಿಯುವ ಗುಂಡಿಗಳನ್ನು ಅವನು ಕಂಡಿಲ್ಲ.

ಜಾತಿ ಪ್ರಕರಣ

ಬಗ್ಗಿಗಳಲ್ಲಿ ಮೂರು ಕುಲ. ಒಂದಕ್ಕೆ ಹತ್ತರ ಅಳತೆಯ, ಹಿಂದಿನ ಎರಡೇ ಗಾಲಿಗೆ ಬಲವಿರುವ ಕುಲ. ಅದೇ ಅಳತೆಯ, ನಾಲ್ಕೂ ಗಾಲಿಗೆ ಬಲವಿರುವ ಕುಲ. ಒಂದಕ್ಕೆ ಎಂಟರ ಅಳತೆಯ, ಮೂರು ಕಿಲೋ ಮೀರಿದ, ಮೂರು ಡಿಫರೆನ್ಷಿಯಲ್ ಹೊತ್ತ ಕುಲ. ಮೊದಲನೆಯದು ಚಂಚಲ, ಎರಡನೆಯದು ಚುರುಕು, ಮೂರನೆಯದು ಗಜಗಮನ. ವಂಶಾವಳಿ ಕೇಳುವವರಿಗೆ: ಜಪಾನಿನ ಟಾಮಿಯಾ 1979ರಲ್ಲಿ ಸ್ಯಾಂಡ್ ಸ್ಕಾರ್ಚರ್, ರಫ್ ರೈಡರ್‌ಗಳನ್ನು ಹೊರತಂದಿತು. 1984ರಲ್ಲಿ ಅದರದೇ ಹಾರ್ನೆಟ್ ಬಂತು, ಅದೇ ವರ್ಷ ಅಮೆರಿಕದಲ್ಲಿ ಅಸೋಸಿಯೇಟೆಡ್‌ನವರ ಆರ್‌ಸಿ10. ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಮೊದಲ ವಿಶ್ವಸ್ಪರ್ಧೆಯೇ ನಡೆದುಹೋಯಿತು. ಪುರಾಣ ಇಷ್ಟು ಸಾಕು.

ಆಟಿಕೆ ಕಾರಿಗೂ ಬಗ್ಗಿಗೂ ಭೇದವೇನು ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಸಾಮಾನ್ಯವಾಗಿ ಇವರು ಮನೆಯವರೇ ಆಗಿರುತ್ತಾರೆ, ಕೇಳುವ ಹೊತ್ತು ಕೊರಿಯರ್ ಬಂದ ಹೊತ್ತು. ಸಿದ್ಧಾಂತ: ಯಾವುದು ಮುರಿದಾಗ ಮುರಿದ ತುಂಡಿಗೆ ಮಾತ್ರ ಬೆಲೆ ತೆರಬಹುದೋ ಅದು ಬಗ್ಗಿ, ಯಾವುದು ಮುರಿದಾಗ ಇಡಿಯಾಗಿ ಇನ್ನೊಂದನ್ನು ಕೊಳ್ಳಬೇಕೋ ಅದು ಆಟಿಕೆ. ಈ ಸಿದ್ಧಾಂತ ತರ್ಕಕ್ಕೆ ನಿಲ್ಲುತ್ತದೆ. ತಿಂಗಳ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಕುಲದೊಳಗೆ ಎರಡು ಮತಗಳೂ ಉಂಟು, ನೈಟ್ರೊ ಮತ ಮತ್ತು ಬ್ಯಾಟರಿ ಮತ. ಎಂಟರ ಅಳತೆಯಲ್ಲಿ ನೈಟ್ರೊ ಎಂಜಿನ್ 3.5 ಸಿಸಿಯದು. ಪೆಟ್ರೋಲು ಕುಡಿಯುವುದಿಲ್ಲ, ಮೆಥನಾಲ್, ನೈಟ್ರೊಮೀಥೇನ್, ಎಣ್ಣೆ ಇವುಗಳ ಕಷಾಯ ಅದರ ಆಹಾರ. ಈ ಮತದವರು ಕಾರ್ಬ್ಯುರೇಟರಿನ ಸೂಜಿಯನ್ನು ಎಂಟನೇ ಒಂದು ಸುತ್ತು ಆಚೆ, ಎಂಟನೇ ಒಂದು ಸುತ್ತು ಈಚೆ ತಿರುವುತ್ತ ಅರ್ಧ ಭಾನುವಾರ ಕಳೆಯುತ್ತಾರೆ. ಸಂಜೆ ಟ್ಯಾಂಕಿನಲ್ಲಿ ಉಳಿದದ್ದನ್ನು ಸುಟ್ಟು ಮುಗಿಸಿ ಎಂಜಿನ್ನಿಗೆ ಎಣ್ಣೆ ಬಿಡದಿದ್ದರೆ, ಗಾಳಿಯ ತೇವವನ್ನು ಎಳೆದುಕೊಳ್ಳುವ ಮೆಥನಾಲು ಒಳಗಿನ ಬೇರಿಂಗನ್ನು ತುಕ್ಕಿಗೆ ಒಪ್ಪಿಸುತ್ತದೆ. ನಮ್ಮದು ಬ್ಯಾಟರಿ ಮತ. ಮತಾಂತರಕ್ಕೆ ಕಾರಣ ತತ್ತ್ವಜ್ಞಾನವೆಂದು ಬರೆದುಕೊಳ್ಳಬಹುದಿತ್ತು. ನಿಜವಾದ ಕಾರಣ ಎದುರು ಬಿಲ್ಡಿಂಗಿನ ಮಧ್ಯಾಹ್ನದ ನಿದ್ದೆ.

ದೇಶ ಪ್ರಕರಣ

ಆಯುರ್ವೇದದವರು ನೆಲವನ್ನು ಮೂರಾಗಿ ವಿಂಗಡಿಸಿದರು. ಒಣಗಿದ್ದು ಜಾಂಗಲ, ಜವುಗಿನದು ಆನೂಪ, ಎರಡರ ನಡುವಿನದು ಸಾಧಾರಣ. ಅವರ ಲೆಕ್ಕದಲ್ಲಿ ಇವು ಮೂರು ಬೇರೆ ಬೇರೆ ಪ್ರದೇಶ. ವಿಠ್ಠಲವಾಡಿಯ ಒಂದೇ ಮೈದಾನ ವರ್ಷವೊಂದರಲ್ಲಿ ಈ ಮೂರೂ ಆಗುತ್ತದೆ. ಇದನ್ನು ಗುರುತಿಸಿದ್ದೇ ನಮ್ಮ ಶಾಸ್ತ್ರದ ಹೆಚ್ಚುಗಾರಿಕೆ.

ಫೆಬ್ರುವರಿಯಿಂದ ಮೇವರೆಗೆ ಜಾಂಗಲ. ದಖನ್ನಿನ ಕರಿಕಲ್ಲು ಪುಡಿಯಾಗಿ ಆದ ಮುರುಮು ಮೇಲೆ, ಅದರಡಿ ಎರೆಯಂಥ ಕಪ್ಪು ಮಣ್ಣು. ಕ್ರಿಕೆಟ್ ಹುಡುಗರು ಉಜ್ಜಿ ಉಜ್ಜಿ ನುಣುಪು ಮಾಡಿದ ಗಟ್ಟಿ ನೆಲದ ಮೇಲೆ ಒಂದು ಪದರ ಸಡಿಲ ಧೂಳು. ಈ ಪದರವೇ ಎಲ್ಲ ಅನರ್ಥಕ್ಕೆ ಮೂಲ. ದೊಡ್ಡ ಬ್ಲಾಕಿನ ಟೈರು ಇಲ್ಲಿ ಧೂಳಿನ ಮೇಲೆ ತೇಲುತ್ತದೆ. ಸಣ್ಣ ಸಣ್ಣ ಮುಳ್ಳಿನಂಥ ಪಿನ್ನುಗಳ ಟೈರು ಧೂಳನ್ನು ತೂರಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ರಬ್ಬರು ಮೆತ್ತಗಿದ್ದಷ್ಟೂ ಹಿಡಿತ ಹೆಚ್ಚು, ಆಯುಷ್ಯ ಕಡಿಮೆ; ನಮ್ಮ ಮುರುಮಿನ ಮೇಲೆ ಮೆತ್ತನೆಯ ಪಿನ್ನು ಎಷ್ಟು ಬೇಗ ಬೋಳಾಗುತ್ತದೆಂದರೆ, ಟೈರನ್ನು ರಿಮ್ಮಿಗೆ ಅಂಟಿಸಿದ ಗಮ್ಮಿನ ವಾಸನೆ ಹೋಗುವ ಮೊದಲೇ ಎನ್ನಬಹುದು. ಮೇ ಮಧ್ಯಾಹ್ನದ ಬಿಸಿಲಿಗೆ ಶಾಕ್‌ಅಪ್ಪಿನ ಎಣ್ಣೆಯೂ ತೆಳುವಾಗುತ್ತದೆ. ಬೆಳಗಿನ ಎಂಟಕ್ಕೆ ಹದವಾಗಿದ್ದ ಗಾಡಿ ಹನ್ನೆರಡಕ್ಕೆ ಕುಣಿಯತೊಡಗುತ್ತದೆ. ಆದ್ದರಿಂದ ಬೇಸಿಗೆಗೆ ಒಂದು ದರ್ಜೆ ದಪ್ಪ ಎಣ್ಣೆ. ಚಳಿಗಾಲಕ್ಕೆ 35 ಹಾಕುವವನು ಬೇಸಿಗೆಗೆ 40 ಹಾಕಲಿ.

ಜೂನ್ ಎರಡನೇ ವಾರದಿಂದ ಆನೂಪ. ಅಂಬರನಾಥದ ಕಡೆಯಿಂದ ಉಲ್ಹಾಸನಗರ ಸೀಳಿಕೊಂಡು ಬರುವ ವಾಲಧುನಿ ನದಿ ಈ ತಿಂಗಳುಗಳಲ್ಲಿ ತಾನು ಇನ್ನೂ ನದಿಯೇ ಎಂದು ನೆನಪು ಮಾಡಿಕೊಡುತ್ತದೆ. 2005ರ ಜುಲೈ 26ರ ಮಹಾಮಳೆ ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಈ ಕಾಲದಲ್ಲಿ ಮುರುಮು ಕೊಚ್ಚಿ ಹೋಗಿ ಕಪ್ಪು ಮಣ್ಣು ಮೇಲೆ ಬರುತ್ತದೆ. ಬಗ್ಗಿ ಎರಡು ಸುತ್ತು ಹಾಕುವಷ್ಟರಲ್ಲಿ ರಿಮ್ಮಿನ ಒಳಗೆಲ್ಲ ಕೆಸರು ಮೆತ್ತಿಕೊಂಡು ಗಾಲಿಗಳ ತೂಕ ಇಮ್ಮಡಿಯಾಗುತ್ತದೆ. ರಿಮ್ಮಿನಲ್ಲಿ ಗಾಳಿಯಾಡಲು ಬಿಟ್ಟ ತೂತುಗಳಿಂದ ನೀರು ನುಗ್ಗಿ, ಟೈರಿನೊಳಗಿನ ಫೋಮು ಅದನ್ನು ಹೀರಿ ಕುಳಿತು, ಓಡುವಾಗ ಗಾಡಿ ಗಡಗಡ ನಡುಗುತ್ತದೆ. ಪರಿಹಾರ ಸರಳ. ರಿಮ್ಮಿನ ತೂತಿಗೆ ಟೇಪು ಹಚ್ಚಿ, ಟೈರಿನ ಮೈಯಲ್ಲಿ ಎದುರುಬದುರಾಗಿ ಎರಡು ಚಿಕ್ಕ ತೂತು ಕೊರೆದರೆ ಗಾಲಿ ತಿರುಗುವ ರಭಸಕ್ಕೆ ನೀರು ತಾನಾಗಿ ಹೊರಗೆ ಚಿಮ್ಮುತ್ತದೆ. ಇನ್ನೂ ಸರಳವಾದದ್ದು ಮನೆಯಲ್ಲಿರುವುದು.

ಮಳೆ ಹಿಂದೆ ಸರಿದು ನೆಲ ಬಿಗಿದುಕೊಂಡ ಮೇಲೆ, ದೀಪಾವಳಿಯಿಂದ ಜನವರಿ ತನಕ, ಸಾಧಾರಣ. ಧೂಳು ಎದ್ದಿರುವುದಿಲ್ಲ, ಕೆಸರು ಆರಿರುತ್ತದೆ, ಪರದೇಶದ ಸೆಟಪ್ ಶೀಟುಗಳು ಅಕಸ್ಮಾತ್ತಾಗಿ ನಿಜವಾಗುವ ಕಾಲ ಇದೊಂದೇ. ಆದರೆ ಮೈದಾನದ ತುಂಬ ಗಣಪತಿ, ನವರಾತ್ರಿ ಪೆಂಡಾಲುಗಳ ಬೊಂಬಿನ ಗುಂಡಿ. ಹತ್ತರ ಅಳತೆಯ ಬಗ್ಗಿಯ ಮುಂದಿನ ಗಾಲಿ ಆ ಗುಂಡಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಮುಂದಿನ ಗಾಲಿ ಹಿಡಿದಿರುವ ಫ್ರಂಟ್ ಆರ್ಮುಗಳಲ್ಲಿ ಮುರಿದವನ್ನು ಮಾಸವಾರು ವಿಂಗಡಿಸಿ ನೋಡಿದ ಯಾವ ಪಂಡಿತನಾದರೂ ಇದನ್ನು ಒಪ್ಪುತ್ತಾನೆ.

ದೋಷ ಪ್ರಕರಣ

ದೋಷ ಮೂರು: ವಾತ, ಪಿತ್ತ, ಕಫ.

ವಾತವೆಂದರೆ ಸಡಿಲು. ಗಾಡಿಯನ್ನು ಮೇಜಿನ ಮೇಲಿಟ್ಟು ಮುಂದಿನ ಗಾಲಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸುವುದೇ ನಾಡಿಪರೀಕ್ಷೆ. ಕಟಕಟ ಎಂದರೆ ಹಿಂಜ್ ಪಿನ್ನು ಸವೆದಿದೆ, ಗೊರಗೊರ ಎಂದರೆ ಬೇರಿಂಗು, ಸದ್ದಿಲ್ಲದೆ ಅಲ್ಲಾಡಿದರೆ ಗಾಲಿಯ ನಟ್ಟು ಈಗಾಗಲೇ ಮೈದಾನದಲ್ಲಿದೆ. ವಾತವನ್ನು ಪೂರ್ತಿ ಹೊರಹಾಕಲು ಹೊರಟವನೂ ಕೆಡುತ್ತಾನೆ. ಶಾಕ್‌ಅಪ್ ಬಿಚ್ಚಿ ಆರ್ಮನ್ನು ಮೇಲಕ್ಕೆತ್ತಿ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ನಡುವೆ ನಿಂತಿತೋ, ಅದು ವಾತಕ್ಷಯ. ಅಂಥ ಗಾಡಿ ಉಬ್ಬುತಗ್ಗಿನ ಮೇಲೆ ಕಲ್ಲಿನಂತೆ ಪುಟಿಯುತ್ತದೆ. ಲೋಹಕ್ಕೆ ಕೂರುವ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕ್ ಒಂದು ಹನಿ. ಪ್ಲಾಸ್ಟಿಕ್ಕಿಗೆ ಕೂರುವ ಸ್ಕ್ರೂಗೆ ಅದನ್ನು ಹಚ್ಚಿದರೆ ಕೆಲವು ಪ್ಲಾಸ್ಟಿಕ್ಕು ಬಿರಿಯುತ್ತದೆ. ಅಲೆನ್ ಕೀ ಒಳ್ಳೆಯದಿರಲಿ. ಸವೆದ ಕೀಯಿಂದ ಸ್ಕ್ರೂವಿನ ತಲೆ ಕೆಡಿಸಿಕೊಳ್ಳುವುದು ವಾತವ್ಯಾಧಿಗಳಲ್ಲೇ ಅತ್ಯಂತ ಹೀನವಾದದ್ದು, ಏಕೆಂದರೆ ಅದು ವೈದ್ಯನಿಂದ ಬಂದ ವ್ಯಾಧಿ.

ಪಿತ್ತವೆಂದರೆ ಉಷ್ಣ. ಮೋಟರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಬ್ಯಾಟರಿ ಇದರ ಮೂರು ನೆಲೆ. ಓಟ ಮುಗಿದ ಕೂಡಲೆ ಮೋಟರಿನ ಮೇಲೆ ಬೆರಳಿಡಿ. ಮೂರು ಎಣಿಸುವತನಕ ಇಡಲಾಗದಿದ್ದರೆ ಪಿತ್ತ ಕೆರಳಿದೆ. ಹಾಗೇ ಓಡಿಸುತ್ತ ಹೋದರೆ ಒಳಗಿನ ನಿಯೋಡಿಮಿಯಂ ಅಯಸ್ಕಾಂತ ಬಲ ಕಳೆದುಕೊಳ್ಳುತ್ತದೆ, ಮತ್ತೆ ಮರಳಿ ಪಡೆಯುವುದಿಲ್ಲ. ಔಷಧ, ಪಿನಿಯನ್ ಗೇರಿನಲ್ಲಿ ಒಂದೋ ಎರಡೋ ಹಲ್ಲು ಕಡಿಮೆ ಮಾಡುವುದು. ಅದಕ್ಕೂ ಮೊದಲು ಪಿನಿಯನ್ನು ಸ್ಪರ್ ಗೇರಿಗೆ ಒತ್ತಿ ಕೂತಿದೆಯೇ ನೋಡಬೇಕು. ಎರಡರ ನಡುವೆ ನೋಟ್‌ಬುಕ್ಕಿನ ಕಾಗದದ ಒಂದು ಪಟ್ಟಿ ತೂರಿಸಿ, ಒತ್ತಿ, ಮೋಟರು ಬಿಗಿದು, ಕಾಗದವನ್ನು ಹೊರಗೆ ತಿರುಗಿಸಿ ತೆಗೆಯಿರಿ. ಕಾಗದ ಮಡಿಕೆ ಮಡಿಕೆಯಾಗಿ ಬಂದರೆ ಸರಿ, ಹರಿದು ಬಂದರೆ ಇನ್ನೂ ಬಿಗಿ.

ಬ್ಯಾಟರಿಯ ಪಿತ್ತ ಮಾತ್ರ ತಮಾಷೆಯ ವಿಷಯವಲ್ಲ. ಲಿಪೋ ಕೋಶವೊಂದರ ತುಂಬು 4.2 ವೋಲ್ಟ್. 3.2ಕ್ಕಿಂತ ಕೆಳಗೆ ಇಳಿಸಬಾರದು. ವಾರಗಟ್ಟಲೆ ಇಡುವುದಾದರೆ 3.8ರ ಆಸುಪಾಸಿನಲ್ಲಿ ನಿಲ್ಲಿಸಿಡಬೇಕು. ತುಂಬಿಸಿಟ್ಟ ಲಿಪೋ ನಮ್ಮ ಬೇಸಿಗೆಗೆ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಚ್ಚಬಾರದು. ಓಡಿ ಬಿಸಿಯಾದ ಬ್ಯಾಟರಿಯನ್ನು ತಣಿಯುವ ತನಕ ಚಾರ್ಜರಿಗೆ ತೋರಿಸಲೂ ಬಾರದು. ಚಾರ್ಜಿಗಿಟ್ಟು ಮಲಗುವವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ಕಫವೆಂದರೆ ಅಂಟು: ಕೆಸರು, ತೇವ, ಧೂಳು ಕಲೆತ ಎಣ್ಣೆ. ಮೂರರಲ್ಲಿ ಇದೇ ನಮ್ಮ ಸೀಮೆಯ ಕುಲವ್ಯಾಧಿ. ಹೊಸಬನಿಗೆ ಗೇರು ಕಂಡ ಕೂಡಲೆ ಎಣ್ಣೆ ಬಿಡುವ ಆಸೆ. ಜಾಂಗಲ ಕಾಲದಲ್ಲಿ ಬಯಲಿಗೆ ತೆರೆದಿರುವ ಪ್ಲಾಸ್ಟಿಕ್ ಗೇರಿಗೆ ಎಣ್ಣೆ ಬಿಟ್ಟರೆ ಕರಿಕಲ್ಲಿನ ಪುಡಿ ಅದರಲ್ಲಿ ಕಲೆತು ಸಾಣೆ ಹಿಡಿಯುವ ಲೇಪವಾಗುತ್ತದೆ. ಅದು ಒಣಗಿಯೇ ಓಡಲಿ. ಬೇರಿಂಗಿನ ವಿಚಾರವೂ ಹೀಗೇ. ಎಂಟರ ಅಳತೆಯ ಗಾಲಿಗಳಿಗೆ ಸಾಮಾನ್ಯವಾಗಿ 8×16×5 ಬೇರಿಂಗು. ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಬಗ್ಗಿ, ರೇಸು ಎಂದೆಲ್ಲ ವಿವರಿಸಬೇಕಾಗಿಲ್ಲ. 688 ಎಂಬ ಮಂತ್ರ ಸಾಕು. ಮಂತ್ರದ ಕೊನೆಯ ಬೀಜಾಕ್ಷರದಲ್ಲಿ ಎಚ್ಚರ ಬೇಕು. ಜೆಡ್‌ಜೆಡ್ ಎಂದರೆ ತಗಡಿನ ಮುಚ್ಚಳ, ಹಗುರ ತಿರುಗುತ್ತದೆ, ಧೂಳು ಕುಡಿಯುತ್ತದೆ. 2ಆರ್‌ಎಸ್ ಎಂದರೆ ಎರಡೂ ಬದಿ ರಬ್ಬರಿನ ಮುಚ್ಚಳ, ಸ್ವಲ್ಪ ಬಿಗಿ, ಬಾಳಿಕೆ ಹೆಚ್ಚು. ವಿಠ್ಠಲವಾಡಿಗೆ ಎರಡನೆಯದೇ. ಪಿನ್ನು, ಆಕ್ಸಲ್ಲು ತುರ್ತಾಗಿ ಬೇಕೆಂದರೆ ಪಕ್ಕದ ಉಲ್ಹಾಸನಗರದಲ್ಲಿ ಯಾವುದಾದರೂ ಲೇತ್ ಅಂಗಡಿಯವನು ಸಲಾಕೆ ಕಡಿದು ಕೊಡುತ್ತಾನೆ. ಅಲ್ಲಿಯ ‘ಮೇಡ್ ಇನ್ ಯುಎಸ್ಎ’ ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೆಯ ನಗೆಮಾತು ಗೊತ್ತಿದ್ದವರು ಆ ಪಿನ್ನನ್ನು ಹೆಮ್ಮೆಯಿಂದಲೇ ಹಾಕಿಕೊಳ್ಳುತ್ತಾರೆ.

ಕಫಶೋಧನೆಗೆ ಹಳೆಯ ಟೂತ್‌ಬ್ರಶ್ಶು, ಪೇಂಟಿನ ಬ್ರಶ್ಶು, ಆಮೇಲೆ ಹವಾ. ಹವಾ ಸಿಗುವುದು ಪಂಕ್ಚರ್ ಅಂಗಡಿಯಲ್ಲಿ. ನಮ್ಮ ಕಡೆಯ ಅಂಗಡಿಯವರು ಕಲಬುರಗಿ ಕಡೆಯವರು. ಮೊದಲ ಸಲ ಬಗ್ಗಿಯನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ನೋಡಿ, “ಇಷ್ಟ್ ಸಣ್ಣ ಗಾಡಿಗಿ ಇಷ್ಟ್ ದೊಡ್ಡ ವೈದ್ಯ ಯಾಕ್ರಿ ಸಾಹೇಬ್ರ?” ಎಂದರು. ಈಗ ಅವರೇ ಬೇರಿಂಗಿನ ಮೇಲೆ ಬೆರಳು ಒತ್ತಿ ಹಿಡಿದು ಹವಾ ಬಿಡುತ್ತಾರೆ. ಹಿಡಿಯದಿದ್ದರೆ ಅದು ಹವಾದ ರಭಸಕ್ಕೆ ಗಿರ್ರನೆ ತಿರುಗಿ ಹಾಳಾಗುತ್ತದೆ. ಈ ಸೂಕ್ಷ್ಮವನ್ನು ಯಾವ ಸೆಟಪ್ ಶೀಟಿನಲ್ಲೂ ಕಾಣಲಿಲ್ಲ. ಬಾಡಿಯ ಮೇಲಿನ ಕಲೆ ತೆಗೆಯಲು ಥಿನ್ನರ್ ಮುಟ್ಟಬೇಡಿ. ಪಾಲಿಕಾರ್ಬೊನೇಟು ಮಬ್ಬಾಗಿ ಬಿರುಕು ಬಿಡುತ್ತದೆ. ಸೋಪಿನ ನೀರು ಸಾಕು.

ಮೂರೂ ದೋಷ ಕೂಡಿದರೆ ಸನ್ನಿಪಾತ. ಕೆಸರು ಮೆತ್ತಿ ಗಾಲಿ ಬಿಗಿಯಾಗಿ, ಬಿಗಿಗೆ ಮೋಟರು ಕಾದು, ನಡುಕಕ್ಕೆ ನಟ್ಟು ಸಡಿಲಾಗಿ ಮೂರೂ ಒಂದೇ ಸುತ್ತಿನಲ್ಲಿ ಒದಗುವುದು ಜುಲೈಯಲ್ಲಿ. ಚಿಕಿತ್ಸೆ: ಸ್ವಿಚ್ ಆಫ್.

ಚಿಕಿತ್ಸಾ ಪ್ರಕರಣ

ಟ್ಯೂನಿಂಗ್ ಎಂಬುದಕ್ಕೆ ಒಂದೇ ಮಹಾಸೂತ್ರ: ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಪ್ರಿಂಗನ್ನೂ ಎಣ್ಣೆಯನ್ನೂ ಟೈರನ್ನೂ ಒಟ್ಟಿಗೆ ಬದಲಿಸಿ, ಗಾಡಿ ಸುಧಾರಿಸಿತೆಂದು ಕುಣಿಯುವವನಿಗೆ ತನ್ನ ಸಂತೋಷದ ಕಾರಣ ಎಂದೂ ತಿಳಿಯುವುದಿಲ್ಲ.

ಚಿಕಿತ್ಸೆಗೆ ಮೊದಲು ದೇಹಸ್ಥಿತಿ. ಗಾಡಿಯನ್ನು ಒಂದು ಗೇಣು ಎತ್ತರದಿಂದ ಕೆಳಗೆ ಬಿಟ್ಟು, ಅದು ನಿಂತ ಮಟ್ಟವನ್ನು ನೋಡಬೇಕು. ಹಿಂದಿನ ಆಕ್ಸಲ್ಲುಗಳು ನೆಲಕ್ಕೆ ಸಮಾನಾಂತರವಾಗಿ ನಿಂತರೆ ಅದು ಆರಂಭದ ಎತ್ತರ. ಉಬ್ಬುತಗ್ಗು ಹೆಚ್ಚಿರುವ ನೆಲಕ್ಕೆ ಇನ್ನೊಂದೆರಡು ಮಿಲಿಮೀಟರ್ ಮೇಲೆ, ನುಣುಪು ನೆಲಕ್ಕೆ ಕೆಳಗೆ.

ಇನ್ನು ಲಕ್ಷಣ ನೋಡಿ ಮದ್ದು. ತಿರುವಿನಲ್ಲಿ ಬಾಲ ಜಾರಿ ಗಾಡಿ ಬುಗುರಿಯಾದರೆ ಹಿಂದಿನ ಸ್ಪ್ರಿಂಗು ಮೆತ್ತಗೆ ಮಾಡಿ, ಹಿಂದಿನ ಗಾಲಿಗಳ ಟೋ ಇನ್, ಅಂದರೆ ಒಳಮುಖದ ಓರೆ, ಅರ್ಧ ಡಿಗ್ರಿ ಹೆಚ್ಚಿಸಿ. ಜಾಂಗಲ ಕಾಲದ ಸಾಮಾನ್ಯ ಕಾಯಿಲೆ ಇದು. ತಿರುಗು ಎಂದರೂ ತಿರುಗದೆ ಮೂಗು ನೇರ ಹೋಗಿ ಕಾಂಪೌಂಡಿಗೆ ಮುಟ್ಟುತ್ತಿದ್ದರೆ ಮುಂದಿನ ಸ್ಪ್ರಿಂಗು ಮೆತ್ತಗೆ, ಮುಂದಿನ ಡಿಫರೆನ್ಷಿಯಲ್ಲಿನ, ಅಂದರೆ ಡಿಫ್ಫಿನ, ಎಣ್ಣೆ ತೆಳ್ಳಗೆ. ಡಿಫ್ಫಿನ ಎಣ್ಣೆ ಶಾಕ್‌ಅಪ್ಪಿನದಲ್ಲ, ಬೇರೆ. 3000, 5000, 7000 ಎಂದು ಬಾಟಲಿಯ ಮೇಲೆ ಬರೆದದ್ದು ಸೆಂಟಿಸ್ಟೋಕ್ಸ್ ಲೆಕ್ಕ. ನೀರು ಆ ಲೆಕ್ಕದಲ್ಲಿ ಸುಮಾರು ಒಂದು. ಎಂಟರ ಅಳತೆಯಲ್ಲಿ ಮುಂದೆ 7000, ನಡುವೆ 7000, ಹಿಂದೆ 3000 ಎಂಬ ಒಕ್ಕಣೆ ಬಹಳ ಕಡೆ ಕಾಣುತ್ತದೆ. ನಮ್ಮ ಗುಂಡಿಗಳ ನೆಲಕ್ಕೆ ನಡುವಿನದನ್ನು 5000ಕ್ಕೆ ಇಳಿಸುವುದು ಲೇಸು. ಥ್ರಾಟಲ್ ಒತ್ತಿದಾಗ ಒಂದಿಷ್ಟು ಬಲ ಮುಂದಿನ ಗಾಲಿಗಳ ಕಡೆ ಸೋರಿ ಹೋಗುತ್ತದೆ, ನೇರ ಓಟದಲ್ಲಿ ತುಸು ನಷ್ಟ, ಆದರೆ ಬಾಲ ಕೈಮೀರುವುದಿಲ್ಲ. ನೇರ ಓಟದಲ್ಲಿ ಗೆಲ್ಲಲು ನಮ್ಮ ಮೈದಾನದಲ್ಲಿ ನೇರವಾದ ಜಾಗವೇ ಇಲ್ಲ.

ಜಿಗಿದು ಇಳಿಯುವಾಗ ಹೊಟ್ಟೆ ನೆಲಕ್ಕೆ ಪಟ್ಟೆಂದು ಬಡಿದರೆ ಶಾಕ್‌ಅಪ್ಪಿಗೆ ದಪ್ಪ ಎಣ್ಣೆ, ಇಲ್ಲವೆ ಪಿಸ್ಟನ್ನಿನ ತೂತು ಸಣ್ಣದು. ಎಣ್ಣೆ ತುಂಬುವಾಗ ರಾಡನ್ನು ನಿಧಾನ ಮೇಲೆ ಕೆಳಗೆ ಆಡಿಸಿ ಗುಳ್ಳೆಗಳನ್ನು ಹೊರಗೆ ಬಿಡಬೇಕು, ಉಳಿದವು ತಾವಾಗಿ ಮೇಲೆ ಬರಲು ಹೊತ್ತು ಕೊಡಬೇಕು. ನಾಲ್ಕರಲ್ಲಿ ಒಂದರೊಳಗೆ ಗುಳ್ಳೆ ಉಳಿದರೂ ಗಾಡಿ ಆ ಮೂಲೆಗೆ ಕುಂಟುತ್ತದೆ.

ಗಾಳಿಯಲ್ಲಿರುವಾಗಿನ ಚಿಕಿತ್ಸೆ ಬೇರೆಯೇ ಒಂದು ಅಂಗ. ಜಿಗಿದ ಬಗ್ಗಿ ಮೂಗು ಕೆಳಗೆ ಮಾಡಿ ಬೀಳುತ್ತಿದ್ದರೆ ಥ್ರಾಟಲ್ ಒತ್ತಬೇಕು: ಗಾಲಿಗಳು ಮುಂದಕ್ಕೆ ತಿರುಗುವ ರಭಸಕ್ಕೆ ಎದುರಾಗಿ ಮೈ ಹಿಂದಕ್ಕೆ ತಿರುಗಿ ಮೂಗು ಏಳುತ್ತದೆ. ಬಾಲ ಕೆಳಗಾಗಿದ್ದರೆ ಬ್ರೇಕು. ನೋಡುವವರಿಗೆ ಇದು ಮಾಟದಂತೆ ಕಾಣುತ್ತದೆ. ಟ್ರಾನ್ಸ್‌ಮಿಟರ್ ಆಫ್ ಆದರೆ ಅಥವಾ ಸಿಗ್ನಲ್ ತಪ್ಪಿದರೆ ಗಾಡಿ ತಾನೇ ಬ್ರೇಕು ಹಾಕುವಂತೆ ಫೇಲ್‌ಸೇಫ್ ಹೊಂದಿಸಿಡುವುದು ಮಾಟಕ್ಕಿಂತ ಮುಖ್ಯ. ಮೂರು ಕಿಲೋದ ಗಾಡಿ ಸ್ಟೇಷನ್ ಕಡೆ ಹೊರಟ ಮೇಲೆ ಯಾವ ಶಾಸ್ತ್ರವೂ ನೆರವಿಗೆ ಬಾರದು.

ವೈದ್ಯ ಪ್ರಕರಣ

ವೈದ್ಯರು ನಾಲ್ಕು ಬಗೆ. ಓಡದಿದ್ದಾಗ ಬಿಚ್ಚುವವನು ಅಧಮ. ಓಡುತ್ತಿದ್ದಾಗಲೂ ಬಿಚ್ಚುವವನು ಅಧಮಾಧಮ. ಪ್ರತಿ ಭಾನುವಾರವೂ ಗಾಡಿ ಒರೆಸಿ, ಪ್ರತಿ ತಿಂಗಳೂ ಬೇರಿಂಗು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡುವವನು ಮಧ್ಯಮ. ಉತ್ತಮನ ಲಕ್ಷಣ ಹೇಳಲು ಉದಾಹರಣೆ ದೊರೆತಿಲ್ಲ.

ವೈದ್ಯರಿಗೆ ಸೇರದ, ಆದರೆ ಯಾವ ಮೈದಾನದಲ್ಲೂ ತಪ್ಪದ ಐದನೆಯ ವರ್ಗವೊಂದುಂಟು. ವಯಸ್ಸು ಹತ್ತರ ಒಳಗೆ, ಕಾಲಲ್ಲಿ ಹವಾಯಿ ಚಪ್ಪಲಿ, ಸ್ವಭಾವತಃ ವಾತಪ್ರಕೃತಿ. ಮೊದಲ ಭಾನುವಾರ ದೂರದಲ್ಲಿ ನಿಲ್ಲುತ್ತದೆ. ಎರಡನೆಯ ಭಾನುವಾರ ಮಗುಚಿದ ಗಾಡಿಯನ್ನು ಓಡಿ ಹೋಗಿ ನೇರ ಮಾಡುತ್ತದೆ. ಬಾಡಿಯಿಂದ ಹಾರಿದ ಕ್ಲಿಪ್ಪನ್ನು ಹುಲ್ಲಿನಲ್ಲಿ ಹುಡುಕಿ ತಂದು ಕೊಡುತ್ತದೆ, ಆ ಕೆಲಸ ವೈದ್ಯರಾರಿಗೂ ಆಗಿರುವುದಿಲ್ಲ. ಮೂರನೆಯ ಭಾನುವಾರ, “ಅಂಕಲ್, ಒಂದ್ಸಲ ನಾನು?” ಎನ್ನುತ್ತದೆ. ಇದಕ್ಕೆ ಶಾಸ್ತ್ರದಲ್ಲಿ ವಿಧಿ ಸ್ಪಷ್ಟವಾಗಿದೆ. ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲ್ಲಿನ ಮಿತಿಯನ್ನು ನೂರರಿಂದ ನಲವತ್ತಕ್ಕೆ ಇಳಿಸಿ, ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ನಿಲ್ಲತಕ್ಕದ್ದು. ಮಿತಿ ಬದಲಿಸುವ ಮೆನು ಎಲ್ಲಿದೆಯೆಂದು ಆ ಬೆರಳುಗಳು ಎರಡನೆಯ ಸುತ್ತಿನೊಳಗೆ ಕಂಡುಹಿಡಿಯುತ್ತವೆ. ಆದ್ದರಿಂದ ಫ್ರಂಟ್ ಆರ್ಮು ಒಂದು ಜೊತೆ ಜೇಬಿನಲ್ಲಿರಲಿ.